ರೈಡರ್ ಮೊದಲೋ, ಕಾರ್ನರ್ ಮೊದಲೋ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಕಬಡ್ಡಿ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊನಲು ಬೆಳಕಿನ ಪಂದ್ಯ ಅಂತ ಒಂದು ಫ್ಲೆಕ್ಸ್ ಕಟ್ಟಿದರೆ ಸಾಕು, ನಡುರಾತ್ರಿ ಕಳೆದರೂ ಅಂಕಣದ ಸುತ್ತ ಜನ ಕದಲುವುದಿಲ್ಲ. ಆದರೆ ಪ್ರೊ ಕಬಡ್ಡಿ ಶುರುವಾಗುವ ಹೊತ್ತಿಗೆ ನಾಲ್ಕು ಜನ ಗೆಳೆಯರು ಕೂತು, ಆಟಗಾರರನ್ನು ಹಂಚಿಕೊಂಡು ತಮ್ಮದೇ ಕಾಗದದ ತಂಡ ಕಟ್ಟುವ ಆಟ ಇದೆಯಲ್ಲ, ಅದರ ರುಚಿ ಬೇರೆ. ಈ ಕೈಪಿಡಿ ಅದಕ್ಕೆ ಹೊಸಬರಾದವರಿಗಾಗಿ.

ಈ ಕಾಗದದ ಆಟದ ಮೂಲ ಅಮೆರಿಕ. 1962ರಲ್ಲಿ ಓಕ್ಲೆಂಡಿನ ಬಿಲ್ ವಿಂಕೆನ್‌ಬಾಕ್ ಮತ್ತವನ ಸಂಗಡಿಗರು ಅಲ್ಲಿನ ಫುಟ್‌ಬಾಲ್ ಆಟಗಾರರ ಮೇಲೆ ಇದನ್ನು ಕಟ್ಟಿದರು. ಮರುವರ್ಷ ಎಂಟು ತಂಡಗಳಿಗೆ ಮೊದಲ ಆಯ್ಕೆ ನಡೆಯಿತು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮೊಬೈಲ್ ಆಟದಲ್ಲಿ ಒಬ್ಬನೇ ಆಟಗಾರನನ್ನು ಲಕ್ಷ ಜನ ಆರಿಸಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ನೀವು ತೆಗೆದುಕೊಂಡವನು ಆ ಸೀಸನ್ ಪೂರ್ತಿ ನಿಮ್ಮವನು, ಉಳಿದವರ ಪಾಲಿಗೆ ಇಲ್ಲ. ಅವನು ಅಂಕಣದಲ್ಲಿ ತಂದ ಅಂಕವೇ ನಿಮ್ಮ ಅಂಕ. ದುಡ್ಡು ಮಾತ್ರ ಕಟ್ಟಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ನಿಷೇಧಿಸಿದೆ. ಕಾಯ್ದೆಯ ಮಾತು ಬಿಟ್ಟರೂ, ಹಣ ಬಂದ ಕೂಡಲೇ ಕಣ್ಣು ಆಟ ಬಿಟ್ಟು ಜೇಬಿನ ಕಡೆ ಹೋಗುತ್ತದೆ. ಅಲ್ಲಿಗೆ ರಸಿಕತೆ ಮುಗಿಯಿತು.

ಎಂಟು ಜನ ಕೂತಿದ್ದೀರಿ ಎನ್ನಿ. ಮೊದಲ ಸುತ್ತು ಒಂದರಿಂದ ಎಂಟರವರೆಗೆ, ಎರಡನೆಯದು ಎಂಟರಿಂದ ಒಂದಕ್ಕೆ ವಾಪಸ್ಸು. ಒಬ್ಬೊಬ್ಬರಿಗೆ ಏಳು ಆಟಗಾರರು. ಇಂತಿಷ್ಟು ರೈಡರು, ಇಂತಿಷ್ಟು ಕ್ಯಾಚರು ಇರಲೇಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರುತ್ತೀರಿ. ಸರದಿಯ ಚೀಟಿ ಎತ್ತಿದ ಮರುಗಳಿಗೆಯೇ ಪಕ್ಕದವನು ಪಿಸುಗುಡುತ್ತಾನೆ: "ಮೊದ್ಲು ರೈಡರ್‌ನ ತಕ್ಕಳ್ಲಾ, ಕ್ಯಾಚರ್‌ನ ಆಮೇಲ್ ನೋಡ್ಕಳವ."

ಅವನ ಮಾತಿಗೆ ಆಧಾರ ಇಲ್ಲದಿಲ್ಲ. ಪ್ರೊ ಕಬಡ್ಡಿಯ 10ನೇ ಸೀಸನ್ನಿನಲ್ಲಿ ದಬಂಗ್ ಡೆಲ್ಲಿಯ ಅಶು ಮಲಿಕ್ ರೈಡಿನಿಂದ ತಂದದ್ದು 276 ಅಂಕ. ಹಿಡಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಪುಣೇರಿ ಪಲ್ಟನ್ನಿನ ಇರಾನಿ ಆಟಗಾರ ಮೊಹಮ್ಮದ್‌ರೆಜಾ ಶಾದ್ಲೂಯಿ ತಂದದ್ದು 99. ಎರಡನ್ನೂ ಪಕ್ಕಪಕ್ಕ ಇಟ್ಟರೆ ರೈಡರ್ ತರುವುದು ಹತ್ತಿರ ಹತ್ತಿರ ಮೂರು ಪಟ್ಟು ಎನ್ನಿಸುತ್ತದೆ. ಹೊಸಬರು ತಪ್ಪುವುದು ಇಲ್ಲೇ. ರೈಡರನ್ನು ಕ್ಯಾಚರನ ಜೊತೆ ಅಳೆಯುವುದಲ್ಲ. ಅವನನ್ನು ಈಗ ಬಿಟ್ಟರೆ ಮುಂದಿನ ಸರದಿಗೆ ನಿಮಗೆ ಉಳಿಯುವ ರೈಡರ್ ಯಾರು, ಅವನ ಜೊತೆ ಅಳೆಯಬೇಕು. ಬೇಬಿಬೆಟ್ಟದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮುಂದಿರುವ ಜೋಡಿಗೆ ಬೆಲೆ ಕಟ್ಟುವ ಮೊದಲು ಜಾತ್ರೆಯಲ್ಲಿ ಇನ್ನೆಂಥ ಜೋಡಿಗಳಿವೆ ಅಂತ ಒಂದು ಸುತ್ತು ಹಾಕಿ ಬರುತ್ತಾನೆ. ಲೆಕ್ಕ ಅದೇ.

ಕಾಗದದ ಮೇಲೆ ಮಾಡಿ ನೋಡೋಣ. ನಿಮ್ಮದು ಐದನೇ ಚೀಟಿ. ಮುಂದೆ ನಿಮಗೆ ಸಿಗುವುದು ಹನ್ನೆರಡನೇ ಆಯ್ಕೆ. ನಡುವೆ ಆರು ಜನ ಹೋಗಿಬಿಡುತ್ತಾರೆ. ಈಗ ಉಳಿದಿರುವ ಒಳ್ಳೆಯ ರೈಡರ್ ಈ ಸೀಸನ್ 190 ತರಬಹುದು ಎಂಬುದು ನಿಮ್ಮ ಅಂದಾಜು. ಹನ್ನೆರಡನೆಯ ಹೊತ್ತಿಗೂ 175ರವನು ಒಬ್ಬ ಉಳಿದೇ ಇರುತ್ತಾನೆ. ಕ್ಯಾಚರುಗಳಲ್ಲಿ ಎಡ ತುದಿಗೆ ನಿಲ್ಲುವವನು ಎಡ ಕಾರ್ನರ್; ಒಳ್ಳೆಯವನಾದರೆ 85 ತರುತ್ತಾನೆ. ಅವನು ಹೋದರೆ ನಿಮಗೆ ದಕ್ಕುವುದು 60ರವನು. ರೈಡರನ್ನು ಬಿಟ್ಟರೆ ನಷ್ಟ 15, ಕಾರ್ನರನ್ನು ಬಿಟ್ಟರೆ 25. ಕಾರ್ನರನ್ನೇ ಎತ್ತಿಕೊಳ್ಳಿ. ನಿಮ್ಮದು ಮೊದಲ ಚೀಟಿಯಾಗಿದ್ದರೆ ಮಾತೇ ಬೇರೆ: ಮುಂದಿನದು ಹದಿನಾರನೆಯ ಆಯ್ಕೆ, ಅಷ್ಟರೊಳಗೆ ದೊಡ್ಡ ರೈಡರುಗಳೆಲ್ಲ ಖಾಲಿ. ಆಗ ಪಕ್ಕದವನ ಮಾತೇ ಸರಿ.

ಆದ್ದರಿಂದ ಕೂರುವ ಮೊದಲು ಹೆಸರುಗಳನ್ನು ಒಂದೇ ಉದ್ದ ಪಟ್ಟಿಯಾಗಿ ಬರೆಯಬೇಡಿ. ಸ್ಥಾನಕ್ಕೊಂದು ಪಟ್ಟಿ ಮಾಡಿ, ಅಂದಾಜು ಅಂಕ ದಿಢೀರನೆ ಇಳಿಯುವ ಕಡೆ ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲೆ ಒಬ್ಬನೇ ಉಳಿದಿದ್ದರೆ ಅವನಿಗೆ ಆತುರ. ನಾಲ್ವರಿದ್ದರೆ ನಿಧಾನಿಸಿ.

ಪ್ರೊ ಕಬಡ್ಡಿ ಹರಾಜಿನ ಬೆಲೆ ನೋಡಿ ಮರುಳಾಗಬೇಡಿ. ಪವನ್ ಸೆಹ್ರಾವತ್ ನಿಜಕ್ಕೂ ದೊಡ್ಡ ರೈಡರ್. 6ನೇ ಸೀಸನ್ನಿನ ಫೈನಲ್‌ನಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಕಪ್ಪು ಗೆದ್ದುಕೊಟ್ಟವನು. 2022ರಲ್ಲಿ ತಮಿಳ್ ತಲೈವಾಸ್ ಅವನಿಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಸೀಸನ್ನೇ ಮುಗಿಯಿತು. 2023ರಲ್ಲಿ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷ ದಾಟಿ ಕೊಟ್ಟಿತು. ತಂಡ 22 ಪಂದ್ಯಗಳಲ್ಲಿ ಎರಡೇ ಗೆದ್ದು ಕೊನೆಯ ಸ್ಥಾನಕ್ಕೆ ಇಳಿಯಿತು. ಅದೇ ಹರಾಜಿನಲ್ಲಿ ಪುಣೇರಿ ಪಲ್ಟನ್ 2.35 ಕೋಟಿಗೆ ಶಾದ್ಲೂಯಿಯನ್ನು ಕೊಂಡು ಕಪ್ಪು ಎತ್ತಿತು. ಒಬ್ಬ ಕಾರ್ನರ್‌ನಿಂದಲೇ ಗೆದ್ದರು ಅಂತ ನಾನು ಹೇಳುವುದಿಲ್ಲ. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ತರಬೇತಿ ಕೊಟ್ಟ ಆ ತಂಡ ಏಳು ಕಡೆಯಿಂದಲೂ ಗಟ್ಟಿಯಾಗಿತ್ತು.

ಅಂಕಪಟ್ಟಿ ಹೇಳದಿರುವುದನ್ನು ಕಾಣಲು ಊರಿನ ಪಂದ್ಯಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಮುಂದಿನ ಸಲ ರೈಡರನ್ನು ಬಿಟ್ಟು ಎಡ ಕಾರ್ನರ್‌ನವನ ಕಾಲನ್ನೇ ನೋಡಿ. ರೈಡರ್ ಬೋನಸ್ ಗೆರೆ ದಾಟಲು ಒಂದು ಪಾದ ಚಾಚಿ, ಇನ್ನೊಂದನ್ನು ಎತ್ತಿ, ಮೈಭಾರವನ್ನೆಲ್ಲ ಒಂದೇ ಕಡೆ ಹಾಕುವ ಗಳಿಗೆ ಒಂದಿರುತ್ತದೆ. ಬಲ್ಲ ಕಾರ್ನರ್ ಅಲ್ಲಿಯವರೆಗೆ ಅಲ್ಲಾಡುವುದಿಲ್ಲ. ಆಮೇಲೆ ಮೈಯನ್ನು ನೆಲಕ್ಕೆ ಎಸೆದು ಎರಡೂ ಕೈಯಲ್ಲಿ ಹರಡನ್ನು ಹಿಡಿಯುತ್ತಾನೆ. ಅರೆಗಳಿಗೆಯಲ್ಲಿ, ಕಾರ್ನರ್‌ಗಿಂತ ಒಳಗೆ ನಿಲ್ಲುವ ಕವರ್‌ನವನು ಬಂದು ಸೊಂಟಕ್ಕೆ ಬೀಳುತ್ತಾನೆ. ಅವನು ಬಾರದಿದ್ದರೆ ರೈಡರ್ ಎಳೆದುಕೊಂಡೇ ನಡುಗೆರೆ ಮುಟ್ಟುತ್ತಾನೆ. ಆದರೂ ಅಂಕ ಬರೆಯುವುದು ಮೊದಲು ಹಿಡಿದವನ ಹೆಸರಿಗೆ. ಅದಕ್ಕೇ ಕಾಗದದ ತಂಡದಲ್ಲಿ ಕಾರ್ನರ್‌ಗೆ ಕವರ್‌ಗಿಂತ ಬೆಲೆ ಹೆಚ್ಚು. ಕವರ್‌ನವನಿಗೆ ಇದು ಅನ್ಯಾಯ. ಅವನಿಗೆ ಚಪ್ಪಾಳೆಯನ್ನಾದರೂ ಕೊಡಿ.

ಇನ್ನೊಂದು ಸೂಕ್ಷ್ಮ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಇದ್ದಾಗ ಹಿಡಿದರೆ ಅದು ಸೂಪರ್ ಟ್ಯಾಕಲ್, ತಂಡಕ್ಕೆ 2 ಅಂಕ. ಸೋಲುವ ತಂಡ ಈ ಸ್ಥಿತಿಗೆ ಪದೇಪದೇ ಬರುತ್ತದೆ. ಆ ಎರಡೂ ಅಂಕ ಆಟಗಾರನಿಗೇ ಎಂದು ನಿಮ್ಮ ನಿಯಮ ಇದ್ದರೆ, ಬಡ ತಂಡದ ಕೆಚ್ಚಿನ ಕಾರ್ನರನ್ನು ಐದನೇ ಸುತ್ತಿನಲ್ಲಿ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಅಷ್ಟು ಹೊತ್ತಿಗೆ ಬೇರೆಯವರು ಗೆಲ್ಲುವ ತಂಡಗಳ ಹೆಸರು ಹುಡುಕುತ್ತಿರುತ್ತಾರೆ.

ಮುಂದಿನ ಸೀಸನ್ನಿಗೆ ಎಂಟು ಜನರನ್ನು ಗೊತ್ತುಮಾಡಿಕೊಳ್ಳಿ, ಒಂದು ನೋಟ್‌ಬುಕ್ ತನ್ನಿ. ಅದಕ್ಕೂ ಮೊದಲು ನಿಮ್ಮೂರ ಪಂದ್ಯವೊಂದರಲ್ಲಿ ಕಾರ್ನರ್‌ನ ಪಕ್ಕಕ್ಕೇ ಹೋಗಿ ಕೂತು ಒಂದು ರಾತ್ರಿ ನೋಡಿ.