ಬಾನೆಟ್ ಕೆಳಗಿನ ಜಿಡ್ಡು

ಹಳೆಯ ಕಾರು ಕೊಳ್ಳಲು ಹೋದವರು ಬಾನೆಟ್ ಎತ್ತಿಸಿ ನೋಡುತ್ತಾರೆ. ಒಳಗೆಲ್ಲ ಕಪ್ಪಗೆ ಫಳಫಳ ಹೊಳೆಯುತ್ತಿದ್ದರೆ ಮೆಚ್ಚಿ ತಲೆದೂಗುತ್ತಾರೆ. ಜೊತೆಗೆ ಬಂದ ಮೆಕ್ಯಾನಿಕ್‌ಗೆ ಅನುಮಾನ ಹುಟ್ಟುವುದೂ ಅಲ್ಲೇ. ಕಾರ್ಖಾನೆಯಿಂದ ಹೊರಬೀಳುವಾಗ ಯಾವ ಕಾರಿನ ಹೋಸ್ ಪೈಪೂ ಹಾಗೆ ಹೊಳೆಯುವುದಿಲ್ಲ. ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಇರುವುದು ಮಂಕಾದ ಒಣ ಕಪ್ಪು. ಆ ಹೊಳಪು ಸಾಮಾನ್ಯವಾಗಿ ಮಾರಾಟಕ್ಕೆ ಮುಂಚೆ ಹೊಡೆದ ಸಿಲಿಕೋನ್ ಸ್ಪ್ರೇಯದ್ದು. ಎಲ್ಲಿ ಆಯಿಲ್ ಜಿನುಗುತ್ತಿತ್ತು, ಎಲ್ಲಿ ಕೂಲೆಂಟ್ ಒಸರುತ್ತಿತ್ತು ಎಂಬ ಗುರುತುಗಳೆಲ್ಲ ಅದರಡಿಯಲ್ಲಿ ಮರೆಯಾಗಿಬಿಡುತ್ತವೆ.

ಮನೆಯಲ್ಲಿ ಕಾರಿನ ಮಾಲೀಕರೇ ಬಾನೆಟ್ ಒಳಗನ್ನು ಶುಚಿಮಾಡುವುದು ಇದಕ್ಕೆ ತದ್ವಿರುದ್ಧವಾದ ಕೆಲಸ. ಮುಂದೆ ಎಂಜಿನ್ ಎಲ್ಲಾದರೂ ಸೋರಿದರೆ ಮೊದಲ ದಿನವೇ ಕಣ್ಣಿಗೆ ಬೀಳಲಿ ಎಂಬುದೇ ಅದರ ಉದ್ದೇಶ.

ಬರೀ ಧೂಳಿನಿಂದ ಎಂಜಿನ್‌ಗೆ ಹೆಚ್ಚೇನೂ ತೊಂದರೆಯಿಲ್ಲ. ಕರಾವಳಿ, ಮಲೆನಾಡಿನ ಕೆಮ್ಮಣ್ಣಾಗಲಿ, ಸಂಡೂರು–ಹೊಸಪೇಟೆ ದಾರಿಯ ಅದಿರಿನ ಪುಡಿಯಾಗಲಿ, ಬೆಂಗಳೂರಿನ ಕಟ್ಟಡ ಕೆಲಸದ ಬೂದು ಧೂಳಾಗಲಿ, ಒಣಗಿದ್ದರೆ ಬ್ರಷ್‌ನಲ್ಲಿ ಉದುರಿಹೋಗುತ್ತದೆ. ಅದಕ್ಕೆ ಎಂಜಿನ್ ಆಯಿಲ್ ಸೇರಿದಾಗ ತಂಟೆ ಶುರು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹಳೆಯದಾಗಿ ಗಡುಸಾದರೆ ಅಂಚಿನಲ್ಲಿ ಆಯಿಲ್ ತೆಳ್ಳಗೆ ಜಿನುಗುತ್ತದೆ. ಅದರ ಮೇಲೆ ಧೂಳು ಕೂರುತ್ತದೆ, ಬಿಸಿಗೆ ಬೇಯುತ್ತದೆ, ಪದರದ ಮೇಲೆ ಪದರ ಕಟ್ಟುತ್ತದೆ. ಆಮೇಲೆ ಸೋರಿಕೆ ಹೊಸದೋ ಹಳೆಯದೋ ಹೇಳುವುದು ಅನುಭವಿ ಮೆಕ್ಯಾನಿಕ್‌ಗೂ ಕಷ್ಟ.

ಕಾರಿಂದ ಕಾರಿಗೆ ಈ ಕೊಳೆಯ ಜಾಗ ಬೇರೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್‌ನಲ್ಲಿ ಎಂಜಿನ್ ಸುತ್ತ ಮೊಣಕೈವರೆಗೂ ಕೈ ತೂರಿಸುವಷ್ಟು ಜಾಗವಿತ್ತು. ಜಿಡ್ಡು ಎಷ್ಟೇ ಇದ್ದರೂ ಬ್ರಷ್ ತಲುಪುತ್ತಿತ್ತು. ಮಾರುತಿ ಓಮ್ನಿಯದು ಇನ್ನೊಂದು ಬಗೆ. ಮಾರುತಿ 800ರ ಅದೇ 796 ಸಿಸಿ ಎಂಜಿನ್ ಅದರಲ್ಲಿ ಮುಂದಿನ ಸೀಟುಗಳ ಕೆಳಗಿದೆ; ಸೀಟು ಎತ್ತಿದರೆ ಮೇಲ್ಭಾಗ ಸಿಗುತ್ತದೆ, ರಸ್ತೆಯ ಕೆಸರು ಮಾತ್ರ ಕೆಳಗಿನಿಂದ ಎರಚುತ್ತದೆ. ಇಂದಿನ ಕಾರುಗಳಲ್ಲಿ ಎಲ್ಲದರ ಮೇಲೂ ಪ್ಲಾಸ್ಟಿಕ್ ಮುಚ್ಚಳ. ನೋಡಲು ಚೆಂದ, ಆದರೆ ಅದನ್ನು ತೆಗೆದು ನೋಡದಿದ್ದರೆ ಅಡಿಯಲ್ಲಿ ಏನಿದೆ ಎಂದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ.

ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಡೀಸೆಲ್ ಸ್ಪ್ರೇ ಹೊಡೆದು, ಮೇಲೆ ಪ್ರೆಶರ್ ನೀರು ಬಿಡುವ ರೂಢಿ ಬಹಳ ಹಳೆಯದು. ಲಾರಿ, ಟ್ರ್ಯಾಕ್ಟರುಗಳ ಕಾಲಕ್ಕೆ ಅದು ನಡೆಯಿತು. ಕಾರಿಗೆ ಅದನ್ನು ಮಾಡಿಸಲೇಬಾರದು. ರೇಡಿಯೇಟರ್ ಹೋಸ್‌ಗಳಿಗೆ ಬಳಸುವ ಇಪಿಡಿಎಂ ಎಂಬ ರಬ್ಬರ್ ಬಿಸಿನೀರಿಗೆ ಜಗ್ಗುವುದಿಲ್ಲ, ಆದರೆ ಡೀಸೆಲ್, ಸೀಮೆಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಡೀಸೆಲ್ ಪೂರ್ತಿ ಆರುವುದೂ ಇಲ್ಲ. ತೆಳುವಾದ ಎಣ್ಣೆಯ ಪೊರೆ ಉಳಿದು, ವಾರದೊಳಗೆ ಮತ್ತಷ್ಟು ಧೂಳು ಹಿಡಿಯುತ್ತದೆ. ಪೆಟ್ರೋಲಿನಲ್ಲಿ ಒರೆಸುವುದಂತೂ ಬೆಂಕಿಯ ಜೊತೆ ಸರಸ.

ಪ್ರೆಶರ್ ನೀರಿನ ಮಾತೂ ಅಷ್ಟೇ. ರೇಡಿಯೇಟರಿನ ತೆಳುವಾದ ರೆಕ್ಕೆಗಳು ಅದರ ಹೊಡೆತಕ್ಕೆ ಬಾಗುತ್ತವೆ. ವಯರಿಂಗ್ ಕನೆಕ್ಟರುಗಳ ರಬ್ಬರ್ ಸೀಲು ಮಳೆಯ ಹನಿಯನ್ನು ತಡೆಯುತ್ತದೆಯೇ ಹೊರತು ಪಂಪಿನ ನೀರನ್ನಲ್ಲ. ಮಾರುತಿ 800ರ ಹಳೆಯ ಕಾರ್ಬ್ಯುರೇಟರ್ ಮಾದರಿಗಳಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಹೋದರೆ ಗಾಡಿ ಸ್ಟಾರ್ಟೇ ಆಗುತ್ತಿರಲಿಲ್ಲ. ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತಿತ್ತು. ಈಗಿನ ಬಹುಪಾಲು ಪೆಟ್ರೋಲ್ ಎಂಜಿನ್‌ಗಳಲ್ಲಿ ಪ್ರತಿ ಸ್ಪಾರ್ಕ್ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್. ಪ್ಲಗ್ ಇರುವ ಆಳದ ಗುಳಿಯಲ್ಲಿ ನೀರು ನಿಂತರೆ ಎಂಜಿನ್ ಮಿಸ್ ಹೊಡೆಯುತ್ತದೆ, ಕಾಯಿಲ್ ಹಾಳಾದರೆ ಕೈಯಿಂದ ಸಾವಿರಾರು ರೂಪಾಯಿ.

ಹಾಗಾಗಿ ಪೈಪು ಬೇಡ, ಬಕೆಟ್ ಸಾಕು. ಬೆಂಗಳೂರಿನವರಿಗೆ ಇದಕ್ಕೆ ಇನ್ನೊಂದು ಕಾರಣವೂ ಇದೆ: 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು.

ಕೆಲಸಕ್ಕೆ ಮೊದಲು ಎಂಜಿನ್ ತಣ್ಣಗಾಗಿರಬೇಕು. ಕೈಯಿಟ್ಟರೆ ಹಿತವಾಗಿ ಬೆಚ್ಚಗಿದ್ದರೆ ಒಳ್ಳೆಯದು, ಜಿಡ್ಡು ಸಡಿಲಾಗುತ್ತದೆ, ಸುಡುತ್ತಿದ್ದರೆ ಕಾಯಬೇಕು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು. ಆಲ್ಟರ್ನೇಟರ್ (ಗ್ಯಾರೇಜಿನವರು ಇಂದಿಗೂ ಅದನ್ನು ಡೈನಮೋ ಎಂದೇ ಕರೆಯುತ್ತಾರೆ), ಫ್ಯೂಸ್ ಬಾಕ್ಸ್, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ, ಕಾಯಿಲ್‌ಗಳು, ಏರ್ ಫಿಲ್ಟರಿನ ಬಾಯಿ ಇವಿಷ್ಟನ್ನು ಮುಚ್ಚಬೇಕು. ತೊಳೆದು ಒಣಗಿಸಿದ ನಂದಿನಿ ಹಾಲಿನ ಕವರ್, ರಬ್ಬರ್ ಬ್ಯಾಂಡ್ ಇದ್ದರೆ ಆಯಿತು. ಎಷ್ಟು ಕವರ್ ಕಟ್ಟಿದೆವೆಂದು ಲೆಕ್ಕ ಇಟ್ಟುಕೊಳ್ಳುವುದು ಮುಖ್ಯ. ಫಿಲ್ಟರಿನ ಬಾಯಿಯಲ್ಲೋ ಬೆಲ್ಟಿನ ಪಕ್ಕದಲ್ಲೋ ಒಂದು ಕವರ್ ಉಳಿದುಬಿಟ್ಟರೆ ಸ್ಟಾರ್ಟ್ ಮಾಡಿದಾಗ ಅನಾಹುತ.

ಮೊದಲ ಸುತ್ತು ಒಣದ್ದು. ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಜಾಲರಿಯಲ್ಲಿ ಸಿಕ್ಕಿಕೊಂಡ ಎಲೆ, ಹೂವಿನ ಎಸಳುಗಳನ್ನು ಕೈಯಲ್ಲೇ ಎತ್ತಬೇಕು. ಮಲೆನಾಡಿನಲ್ಲಿ ಮರದಡಿ ನಿಲ್ಲುವ ಕಾರುಗಳಿಗೆ ಇದು ಇಡೀ ಕೆಲಸದಲ್ಲೇ ಹೆಚ್ಚು ಉಪಕಾರಿ ಭಾಗ. ಅಲ್ಲಿನ ನೀರಿಳಿಯುವ ತೂತು ಕಟ್ಟಿದರೆ ಮಳೆನೀರು ಬ್ಲೋವರ್ ದಾರಿಯಾಗಿ ಒಳಕ್ಕೆ ಬಂದು ಕಾಲಡಿಯ ಮ್ಯಾಟ್ ತೋಯಿಸುತ್ತದೆ. ಎಷ್ಟೋ ಮಂದಿ ಬಾಗಿಲಿನ ಬೀಡಿಂಗ್ ಬದಲಿಸಿ ದುಡ್ಡು ಕಳೆದುಕೊಳ್ಳುವುದು ಈ ತೂತನ್ನು ನೋಡದೆ.

ಇಲಿ ಗೂಡು ಕಟ್ಟಿದ್ದರೆ ಒಣಗುಡಿಸಬಾರದು. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ ಹರಡುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಂಡು, ಹಿಕ್ಕೆಯ ಮೇಲೆ ಸೋಂಕುನಿವಾರಕ ಚಿಮುಕಿಸಿ, ನೆಂದ ಮೇಲೆ ಎತ್ತಬೇಕು. ಆಗಲೇ ಕಡಿದ ವೈರು ಇದೆಯೇ ಎಂದೂ ನೋಡಬೇಕು.

ಎರಡನೇ ಸುತ್ತಿಗೆ ನೀರಿನಲ್ಲಿ ಬೆರೆಯುವ ಡಿಗ್ರೀಸರ್ ಬೇಕು. ಜಿಡ್ಡು ಕಡಿಮೆಯಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ತೆಳುಮಾಡಿದರೂ ನಡೆಯುತ್ತದೆ. ಕ್ಷಾರ ಹೆಚ್ಚಿರುವ ಅಗ್ಗದ ಡಿಗ್ರೀಸರುಗಳು ಬಣ್ಣವಿಲ್ಲದ ಅಲ್ಯುಮಿನಿಯಂ ಮೇಲೆ ಕಲೆ ಬಿಡುತ್ತವೆ. ಒಂದು ಮೂಲೆಯಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು. ಒಮ್ಮೆಗೆ ಒಂದು ಮೊಳದಷ್ಟು ಜಾಗ. ಡಿಗ್ರೀಸರನ್ನು ನೇರ ಎಂಜಿನ್‌ಗೆ ಹೊಡೆಯುವ ಬದಲು ಬ್ರಷ್‌ಗೆ ಹಾಕಿ ಉಜ್ಜಿದರೆ ಬೆಲ್ಟ್, ಕನೆಕ್ಟರುಗಳಿಗೆ ಹಾರುವುದಿಲ್ಲ. ಮೂರ್ನಾಲ್ಕು ನಿಮಿಷ ನೆನೆಯಲು ಬಿಟ್ಟು, ಅದು ಒಣಗುವ ಮುನ್ನ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ದುಬಾರಿ ಬ್ರಷ್ ಅಗತ್ಯವಿಲ್ಲ: ಪೇಂಟ್ ಹೊಡೆಯುವ ಬ್ರಷ್‌ನ ತಗಡಿನ ಪಟ್ಟಿಗೆ ಟೇಪ್ ಸುತ್ತಿದರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ, ಮೂಲೆಗಳಿಗೆ ಹಳೆಯ ಟೂತ್‌ಬ್ರಷ್, ಕಡುಜಿಡ್ಡಿಗೆ ಗ್ಯಾರೇಜಿನ ಬನಿಯನ್ ವೇಸ್ಟ್. ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದರೆ ಮಾಡಿದ ಕೆಲಸ ಮತ್ತೆ ಕೊಳೆಯಾಗುವುದಿಲ್ಲ. ಬ್ಯಾಟರಿ ಟರ್ಮಿನಲ್ಲಿನ ಬಿಳಿ, ತಿಳಿನೀಲಿ ಹೂವಿನಂಥ ಕಿಲುಬಿಗೆ ಅಡುಗೆ ಸೋಡಾ ಕದಡಿದ ನೀರು ಮದ್ದು. ಒರೆಸಿ ಒಣಗಿಸಿದ ಮೇಲೆ ತುಸು ವ್ಯಾಸಲೀನ್.

ಒಣಗಿಸುವುದರಲ್ಲಿ ಆತುರ ಪಡುವವರೇ ಹೆಚ್ಚು. ಒಣಬಟ್ಟೆಯಲ್ಲಿ ಒರೆಸಿ, ಕವರ್‌ಗಳನ್ನು ಎಣಿಸಿ ತೆಗೆದು, ಬಾನೆಟ್ ತೆರೆದಿಟ್ಟು ಗಾಳಿಗೆ ಬಿಡಬೇಕು. ಆಮೇಲೆ ಟರ್ಮಿನಲ್ ಕೂಡಿಸಿ ಎಂಜಿನ್ನನ್ನು ಹತ್ತು–ಹದಿನೈದು ನಿಮಿಷ ಓಡಿಸಿದರೆ ಉಳಿದ ತೇವ ಅದರ ಬಿಸಿಗೇ ಆರುತ್ತದೆ. ಕೊನೆಗೆ ಹಚ್ಚುವ ಹೊಳಪಿನ ದ್ರವ ಬೇಕಿಲ್ಲ. ಬೇಕೇ ಬೇಕು ಎನ್ನುವವರು ನೀರಿನ ಆಧಾರದ, ಮಂಕು ಮೆರುಗಿನದ್ದನ್ನು ಬಟ್ಟೆಯಲ್ಲಿ ಹಚ್ಚಲಿ.

ನಿಜವಾದ ಸೊಗಸು ಇರುವುದು ಮುಂದಿನ ವಾರದಲ್ಲಿ. ದಿನಕ್ಕೊಮ್ಮೆ ಬಾನೆಟ್ ಎತ್ತಿದರೆ ಎಂಜಿನ್ ತಾನಾಗಿಯೇ ಮಾತಾಡತೊಡಗುತ್ತದೆ. ಟ್ಯಾಪೆಟ್ ಕವರಿನ ಅಂಚಿನಲ್ಲಿ ತೇವದ ಗೆರೆ ಮೂಡಿದರೆ ಪ್ಯಾಕಿಂಗ್ ಬದಲಿಸುವ ಕಾಲ. ಹೋಸ್ ಕ್ಲಿಪ್ಪಿನ ಬಳಿ ಹಸಿರು ಅಥವಾ ಗುಲಾಬಿ ಬಣ್ಣದ ಹಕ್ಕಳೆ ಕಂಡರೆ ಅದು ಒಣಗಿದ ಕೂಲೆಂಟ್. ವಾಟರ್ ಪಂಪಿನ ಸಣ್ಣ ತೂತಿನಿಂದ ಕೆಳಗಿಳಿದ ಗೆರೆ ಪಂಪಿನ ಸೀಲು ಸವೆದದ್ದರ ಸುಳಿವು, ಅದನ್ನು ಮುಂದೂಡಬಾರದು. ಬ್ರೇಕ್ ಮಾಸ್ಟರ್ ಸಿಲಿಂಡರಿನ ಕೆಳಗೆ ಬಣ್ಣ ಉಬ್ಬಿ ಎದ್ದಿದ್ದರೆ ಬ್ರೇಕ್ ಆಯಿಲ್ ಸೋರಿದೆ. ಅದಕ್ಕೆ ಬಣ್ಣ ಕಿತ್ತುಹಾಕುವ ಗುಣವಿದೆ. ಆ ಕಾರನ್ನು ಮೆಕ್ಯಾನಿಕ್ ನೋಡುವವರೆಗೆ ಓಡಿಸಲೇಬಾರದು. ಆಯಿಲ್ ಎಲ್ಲಿಂದ ಬರುತ್ತಿದೆ ಎಂಬುದೇ ಗೊತ್ತಾಗದಿದ್ದರೆ ಹಳೆಯ ಮೆಕ್ಯಾನಿಕ್‌ಗಳ ಉಪಾಯವೊಂದಿದೆ: ಶುಚಿಮಾಡಿದ ಜಾಗಕ್ಕೆ ಮುಖದ ಪೌಡರ್ ಉದುರಿಸಿ ಒಂದು ಸುತ್ತು ಹೋಗಿಬರುವುದು. ಬಿಳಿಯ ಮೇಲೆ ಮೊದಲ ಕಪ್ಪು ಗೆರೆ ಎಲ್ಲಿಂದ ಹೊರಟಿದೆಯೋ ಅಲ್ಲೇ ಸೋರಿಕೆ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನವರಿಗೆ ಒಂದೇ ಮಾತು. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ. ಬಾನೆಟ್ ಒಳಗೆ ನೀರು, ಡಿಗ್ರೀಸರ್ ಬೇಡ, ಮೇಲ್ಮೇಲಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಯ ಧೂಳು ಕಳೆದ ಮೇಲೆ ಇನ್ನೊಮ್ಮೆ ಮಾಡಿದರೆ ವರ್ಷಕ್ಕೆ ಸಾಕು. ಬಕೆಟ್ಟಿನಲ್ಲಿ ಉಳಿದ ಕಪ್ಪು ನೀರಿನಲ್ಲಿ ಎಂಜಿನ್ ಆಯಿಲ್ ಇರುತ್ತದೆ. ಅದನ್ನು ರಸ್ತೆಬದಿಯ ಮಳೆನೀರು ಚರಂಡಿಗೆ ಸುರಿದರೆ ರಾಜಕಾಲುವೆ ಹಿಡಿದು ನೇರ ಕೆರೆಗೆ ಹೋಗುತ್ತದೆ, ತೋಟದಲ್ಲಿ ಚೆಲ್ಲಿದರೆ ಬಾವಿಯ ನೀರಿಗೆ ಇಳಿಯಬಹುದು. ಮರದ ಹೊಟ್ಟು ಅಥವಾ ಹಳೆಯ ಬಟ್ಟೆಗೆ ಹೀರಿಸಿ, ಜಿಡ್ಡಿನ ಬನಿಯನ್ ವೇಸ್ಟ್ ಜೊತೆ ಬೇರೆ ಚೀಲದಲ್ಲಿ ಕಟ್ಟಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ದಯವಿಟ್ಟು ತಲುಪಿಸಿ.