ಮಳೆಯ ಅಪ್ಪಣೆ ಕಾಯುವ ತತ್ತಿಗಳು

ಮೃಗಶಿರದ ಮೊದಲ ಮಳೆ ಸಹ್ಯಾದ್ರಿಯ ಮೇಲೆ ಸುರಿದು, ಕರ್ಜತ್, ಬದಲಾಪುರಗಳನ್ನು ಹಾದು ಕಲ್ಯಾಣಕ್ಕೆ ಬರುವ ಉಲ್ಲಾಸ ನದಿಯು ಕೆನ್ನೀರಿನಿಂದ ತುಂಬಿಕೊಳ್ಳುವ ದಿನಗಳಲ್ಲಿ, ಥಾಣೆ ಜಿಲ್ಲೆಯ ಗ್ರಾಮಸ್ಥರು ‘ವಲಗಣ’ ಎಂದು ಕರೆಯುವ ಮತ್ಸ್ಯಯಾತ್ರೆ ಆರಂಭವಾಗುತ್ತದೆ. ಗರ್ಭಭಾರದಿಂದ ಬೀಗಿದ ಮೀನುಗಳು ಪ್ರವಾಹಕ್ಕೆ ಎದುರಾಗಿ ಹಳ್ಳಗಳನ್ನೇರಿ ಗದ್ದೆಗಳ ತೆಳುನೀರನ್ನು ಸೇರುವುವು. ನಮ್ಮ ಮಲೆನಾಡಿನವರು ಇವನ್ನೇ ‘ಹತ್ತುಮೀನು’ ಎನ್ನುವರು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಆಸಕ್ತಿಯುಳ್ಳವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ತತ್ತಿಯನ್ನು ಸಿದ್ಧಪಡಿಸುವುದು ಒಂದು ಕಾರ್ಯ, ಅದನ್ನು ವಿಸರ್ಜಿಸುವುದು ಮತ್ತೊಂದು. ಹಗಲು ದೀರ್ಘವಾಗಿ ನೀರು ಬೆಚ್ಚಗಾಗುವ ಚೈತ್ರ ವೈಶಾಖಗಳಲ್ಲಿ ಅಂಡಾಶಯ ಮೆಲ್ಲಮೆಲ್ಲನೆ ತುಂಬಿಬರುವುದಾದರೂ, ತುಂಬಿದ ಮಾತ್ರಕ್ಕೆ ಮೀನು ತತ್ತಿಯಿಡದು. ಹೊಸನೀರು ನುಗ್ಗಿ ಉಷ್ಣತೆ ಇಳಿದು, ಬೇಸಗೆಯ ನೀರಿನಲ್ಲಿ ಸಾಂದ್ರವಾಗಿದ್ದ ಲವಣಾಂಶ ಕುಗ್ಗಿ, ಸೆಳವು ಮೈಗೆ ತಾಕಿದ ಮೇಲೆಯೇ ಮಿದುಳಿನ ಪ್ರೇರಣೆಯಿಂದ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಹಾರ್ಮೋನು ಅಂಡಾಶಯವನ್ನು ಮುಟ್ಟಿ, ಕೊನೆಯ ಪಕ್ವತೆಯನ್ನು ತರುವುದು. ಮಳೆ ಬಾರದೆ ಹೋದಲ್ಲಿ ಆ ತತ್ತಿಗಳು ಕರಗಿ ತಾಯಿಯ ದೇಹದಲ್ಲಿಯೇ ಲೀನವಾಗುವುವು. ಈ ನಿರೀಕ್ಷೆಗೆ ಕಾರಣವಿದೆ: ಹೊಸದಾಗಿ ಮುಳುಗಿದ ನೆಲದಲ್ಲಿ ಸೂಕ್ಷ್ಮಜೀವಿಗಳು ಹೇರಳವಾಗಿ ಹುಟ್ಟಿಕೊಂಡು ಮರಿಗಳಿಗೆ ಆಹಾರವಾಗುವುವು, ಭಕ್ಷಿಸುವ ದೊಡ್ಡ ಮೀನುಗಳೂ ಅಲ್ಲಿ ವಿರಳ.

ಗೆಂಡೆಜಾತಿಯ ರೋಹು, ಕಾಟ್ಲಾ, ಮೃಗಾಲ್‌ಗಳು ಕೆರೆಯಲ್ಲಿ ಎಷ್ಟು ಕೊಬ್ಬಿ ಬೆಳೆದರೂ ನಿಂತ ನೀರಿನಲ್ಲಿ ಸಂತಾನ ಪಡೆಯವು. ಆದಕಾರಣ ಮೀನು ಸಾಕುವವರು ಪ್ರವಾಹದ ನದಿಗಳಿಂದಲೇ ಮರಿಗಳನ್ನು ಸಂಗ್ರಹಿಸಬೇಕಾಗಿತ್ತು. ಒಡಿಶಾದ ಅಂಗುಲಿನಲ್ಲಿ 1957ರ ಜುಲೈ 10ರಂದು ಮತ್ಸ್ಯವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಸೂಜಿಯ ಮೂಲಕ ಕೊಟ್ಟು ಗೆಂಡೆಜಾತಿಯ ಮೀನುಗಳಿಂದ ತತ್ತಿಯಿಡಿಸಿದಾಗ, ನದಿಯ ನೆರೆ ಕೊಡುತ್ತಿದ್ದ ಸಂದೇಶವನ್ನು ಮನುಷ್ಯನೇ ಕೊಡಬಲ್ಲವನಾದನು. ಆ ದಿನವನ್ನು ದೇಶವು ಮತ್ಸ್ಯಕೃಷಿಕರ ದಿನವೆಂದು ಆಚರಿಸುತ್ತಿರುವುದು ಅತ್ಯಂತ ಯೋಗ್ಯವಾಗಿದೆ.

ಗಾಜಿನ ತೊಟ್ಟಿಯ ಗಪ್ಪಿ ಮೀನಿಗೆ ಮಳೆ, ನೆರೆ ಇದಾವುದೂ ಬೇಡ. ಬೆಚ್ಚನೆಯ ನೀರೊಂದಿದ್ದರೆ ಅದು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿಹಾಕುವುದು. ಆದರೆ ದಕ್ಷಿಣ ಅಮೆರಿಕದಿಂದ ಬಂದ ಕೋರಿಡೋರಸ್ ಎಂಬ ಪುಟ್ಟ ಮೀಸೆಮೀನು ಮಳೆಯ ಶಿಸ್ತನ್ನು ಮರೆತಿಲ್ಲ. ಡೊಂಬಿವಲಿಯ ಅಥವಾ ನವಿಮುಂಬಯಿಯ ಯಾವ ಮನೆಯಲ್ಲಾದರೂ ಇದನ್ನು ಪರೀಕ್ಷಿಸಬಹುದು: ಕೆಲವು ವಾರ ಚೆನ್ನಾಗಿ ಉಣಿಸಿ, ಒಂದು ಸಂಜೆ ತೊಟ್ಟಿಯ ಮೂರನೆಯ ಒಂದು ಭಾಗ ನೀರನ್ನು ತೆಗೆದು, ಕ್ಲೋರಿನ್ ಕಳೆದ, ಎರಡು ಮೂರು ಡಿಗ್ರಿ ತಂಪಾದ ನೀರನ್ನು ನಿಧಾನವಾಗಿ ತುಂಬಿರಿ. ಆರೋಗ್ಯವಾದ ಜೋಡಿಯಿದ್ದರೆ, ಬಹುಮಟ್ಟಿಗೆ ಒಂದೆರಡು ದಿನಗಳಲ್ಲಿ ಗಾಜಿನ ಮೇಲೆ ಅಂಟಿದ ತತ್ತಿಗಳನ್ನು ಕಾಣುವಿರಿ. ಕಾರ್ಖಾನೆಗಳ ಹೊಗೆ ತೊಳೆದು ಬರುವ ಮೊದಲ ಮಳೆನೀರನ್ನು ಮಾತ್ರ ತೊಟ್ಟಿಗೆ ಸುರಿಯಬೇಡಿರಿ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನಿನ ಸಂತಾನಕಾಲವೆಂದು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸಮುದ್ರದಲ್ಲಿ ನಿಷೇಧವುಂಟು. ನದಿಯ ಮೀನಿಗೂ ಅಷ್ಟೇ ಗೌರವ ಸಲ್ಲಬೇಕು. ಆದುದರಿಂದ ವಾಚಕರಲ್ಲಿ ನನ್ನ ವಿನಂತಿ: ಮೊದಲ ಮಳೆಯ ಎರಡು ವಾರಗಳಲ್ಲಿ ತತ್ತಿ ತುಂಬಿದ ವಲಗಣದ ಮೀನು ಮಾರುಕಟ್ಟೆಯಲ್ಲಿ ಎಷ್ಟೇ ಅಗ್ಗವಾಗಿ ದೊರೆತರೂ ದಯವಿಟ್ಟು ಕೊಳ್ಳಬೇಡಿರಿ.