ಚಿಂತಾಮಣಿಯಾದ ಸದಾರಮೆ

ರೇಡಿಯೊದವರು 1940ರಲ್ಲಿ ಹಾರ್ಮೋನಿಯಂ ಪೆಟ್ಟಿಗೆಯನ್ನು ಸ್ಟುಡಿಯೋದಿಂದ ಆಚೆಗಟ್ಟಿದ ಕಥೆಯನ್ನು ಈ ವಾರ ಹೇಳುವುದಾಗಿ ಅಂಕಣ ಮಾತು ಕೊಟ್ಟಿತ್ತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಇನ್ನೊಂದು ವಾರ ಕಾದರೆ ಪೆಟ್ಟಿಗೆಯ ಗಾಳಿಯೇನೂ ಇಳಿದುಹೋಗದು. ಈ ಸಲದ ಜಾಗ ಕೆ. ಅಶ್ವತ್ಥಮ್ಮನವರಿಗೆ.

ಯಾರೀ ಅಶ್ವತ್ಥಮ್ಮ ಎಂದು ಕೇಳಿದರೆ ಕೇಳಿದವರ ತಪ್ಪೇನಿಲ್ಲ. ಕನ್ನಡದ ಮೊದಲ ಟಾಕಿ ಯಾವುದೆಂದರೆ ಶಾಲೆಯ ಹುಡುಗರೂ 1934ರ ‘ಸತಿ ಸುಲೋಚನ’ ಎನ್ನುತ್ತಾರೆ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಎಂಬ ಹೆಸರುಗಳೂ ಬಾಯಿಗೆ ಬರುತ್ತವೆ. ಮರುವರ್ಷದ ‘ಸದಾರಮೆ’ಗೆ ಬಂದರೆ ನೆನಪು ಕೆ. ಹಿರಣ್ಣಯ್ಯನವರ ತನಕ ಹೋಗಿ ನಿಂತುಬಿಡುತ್ತದೆ. ರಾಜಾ ಚಂದ್ರಶೇಖರ್ ನಿರ್ದೇಶಿಸಿದ ಆ ಚಿತ್ರದ ಸದಾರಮೆಯೇ ಅಶ್ವತ್ಥಮ್ಮ. 1910ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ರಂಗದ ಮೇಲೆ ಹಾಡಿ ಹೆಸರು ಮಾಡಿ, ಇಪ್ಪತ್ತೈದರ ಪ್ರಾಯದಲ್ಲಿ ಸಿನಿಮಾಕ್ಕೆ ಬಂದವರು. ಬೆರಳೆಣಿಕೆಯ ಚಿತ್ರಗಳು, ಒಂದಿಷ್ಟು ಗ್ರಾಮಫೋನ್ ಪ್ಲೇಟುಗಳು. 1944ರಲ್ಲಿ ಮದನಪಲ್ಲಿಯಲ್ಲಿ ಕ್ಷಯದಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತನಾಲ್ಕು.

‘ಸದಾರಮೆ’ ಬೆಳ್ಳಾವೆ ನರಹರಿ ಶಾಸ್ತ್ರಿಗಳ ನಾಟಕ. ಕನ್ನಡ ಕಂಪನಿ ರಂಗಭೂಮಿಗೆ ಇದಕ್ಕಿಂತ ಹೆಚ್ಚು ಅನ್ನ ಹಾಕಿದ ನಾಟಕಗಳು ಕಡಿಮೆ. ಅರಸುಮಗನ ಕೈಹಿಡಿದ ಶೆಟ್ಟರ ಮನೆ ಹುಡುಗಿಯೊಬ್ಬಳು ಕಳ್ಳನ ಕೈಗೆ ಸಿಕ್ಕಿ, ತೋಳ್ಬಲದಿಂದಲ್ಲ, ಬುದ್ಧಿಯಿಂದ ಪಾರಾಗಿ, ಗಂಡುಡುಗೆ ತೊಟ್ಟು ತನ್ನ ದಾರಿ ತಾನೇ ಕಂಡುಕೊಳ್ಳುವ ಕಥೆ ಅದು. ನಾಟಕವೆಲ್ಲ ನಿಂತಿರುವುದು ಆ ಹುಡುಗಿಯ ಮೇಲೆ. ಆದರೆ ಜನ ನೆನಪಿಟ್ಟುಕೊಂಡದ್ದು ಯಾರನ್ನು? ಕಳ್ಳನನ್ನು! ಗುಬ್ಬಿ ವೀರಣ್ಣನವರು ಆ ಪಾತ್ರವನ್ನು ಅಷ್ಟು ಎತ್ತರಕ್ಕೆ ಒಯ್ದರು. ‘ಸದಾರಮೆ’ ಎಂದರೆ ಇವತ್ತಿಗೂ ಹಳಬರು ಮೊದಲು ಕಳ್ಳನ ಮಾತುಗಳನ್ನೇ ಒಪ್ಪಿಸುತ್ತಾರೆ. ನಗಿಸಿದ ಗಂಡಸಿನ ಹೆಸರು ಉಳಿಯಿತು, ಹಾಡಿದ ಹೆಂಗಸಿನದು ಅಳಿಯಿತು. ಸದಾರಮೆಯಾಗಿ ಹಾಡಿದವರೆಲ್ಲರ ಪಟ್ಟಿ ಮಾಡಲು ಕುಳಿತರೆ ನಮ್ಮ ರಂಗೇತಿಹಾಸಕಾರರ ಪೆನ್ನಿನ ಮಸಿ ಯಾಕೋ ಬೇಗ ಒಣಗುತ್ತದೆ.

ಕನ್ನಡ ಮರೆತ ಈ ಗಾಯಕಿಯನ್ನು ಕಾಪಾಡಿದ್ದು ತಮಿಳು. ಅದರ ಹಿಂದೆಯೂ ಕನ್ನಡದ ನಂಟೊಂದಿದೆ. ‘ಸತಿ ಸುಲೋಚನ’ವನ್ನು ನಿರ್ದೇಶಿಸಿದ ವೈ.ವಿ. ರಾವ್ ಮುಂದೆ ಮದುರೆಯ ರಾಯಲ್ ಟಾಕಿ ಸಂಸ್ಥೆಗಾಗಿ ‘ಚಿಂತಾಮಣಿ’ ಎಂಬ ತಮಿಳು ಚಿತ್ರ ತೆಗೆದರು. (ನಟಿ ಲಕ್ಷ್ಮಿಯವರ ತಂದೆ ಎಂದರೆ ಇಂದಿನವರಿಗೆ ಗುರುತು ಹತ್ತಬಹುದು.) ಬಿಲ್ವಮಂಗಳನಾಗಿ ಎಂ.ಕೆ. ತ್ಯಾಗರಾಜ ಭಾಗವತರ್, ಚಿಂತಾಮಣಿಯಾಗಿ ಅಶ್ವತ್ಥಮ್ಮ, ಹಾಡುಗಳು ಪಾಪನಾಶಂ ಶಿವನ್ ಅವರವು. 1937ರ ಮಾರ್ಚ್‌ನಲ್ಲಿ ತೆರೆಕಂಡ ಚಿತ್ರ ಒಂದೇ ಟಾಕೀಸಿನಲ್ಲಿ ವರ್ಷ ದಾಟಿ ಓಡಿತು. ಬಂದ ಲಾಭದಲ್ಲಿ ಮದುರೆಯಲ್ಲಿ ಒಂದು ಟಾಕೀಸನ್ನೇ ಕಟ್ಟಿ ಅದಕ್ಕೆ ‘ಚಿಂತಾಮಣಿ’ ಎಂದೇ ಹೆಸರಿಟ್ಟರು. ಬೆಂಗಳೂರಿನ ಹೆಣ್ಣುಮಗಳೊಬ್ಬಳು ಮಾಡಿದ ಪಾತ್ರದ ಹೆಸರು ಮದುರೆಯ ಟಾಕೀಸಿನ ಹಣೆಯ ಮೇಲೆ ಕೂತಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಒಂದು ರಸ್ತೆಯನ್ನಾದರೂ ತೋರಿಸಿ ನೋಡೋಣ.

ಇನ್ನು ಪ್ಲೇಟಿನ ಪ್ರಸಂಗ. ಆಗ ಚಿತ್ರದ ಧ್ವನಿಯನ್ನೇ ಎತ್ತಿ ಪ್ಲೇಟಿಗೆ ಹಾಕುತ್ತಿರಲಿಲ್ಲ. ಕಲಾವಿದರು ಸ್ಟುಡಿಯೋದಲ್ಲಿ ಮತ್ತೊಮ್ಮೆ ಹಾಡಬೇಕಿತ್ತು. ‘ಚಿಂತಾಮಣಿ’ ಹಾಡುಗಳನ್ನು ಪ್ಲೇಟಿಗೆ ಹಾಡಿರೆಂದು ಮದರಾಸಿನ ಸರಸ್ವತಿ ಸ್ಟೋರ್ಸ್‌ನವರು ಕೇಳಿದಾಗ ಭಾಗವತರ್ ಮೊದಲಿಗೆ ಒಪ್ಪಲಿಲ್ಲ. ಕಂಪನಿಯವರು ಸುಮ್ಮನಾಗದೆ ತುರೈಯೂರ್ ರಾಜಗೋಪಾಲ ಶರ್ಮ ಎಂಬವರಿಂದ ಆ ಹಾಡುಗಳನ್ನು ಹಾಡಿಸಿ ಮಾರಾಟಕ್ಕೆ ಬಿಟ್ಟರು. ಪ್ಲೇಟುಗಳು ಬಿಸಿಬಿಸಿ ಮಿರ್ಚಿಯಂತೆ ಖರ್ಚಾದವು. ಅದನ್ನು ಕಂಡ ಮೇಲೆ ಭಾಗವತರ್ ಕೂಡ ಪ್ಲೇಟಿಗೆ ಹಾಡಲು ಒಪ್ಪಿದರು. ಹಾಗಾಗಿ ಹಳೆಯ ಪ್ಲೇಟು ಕೇಳುವವರು ‘ಚಿಂತಾಮಣಿ’ ಎಂಬ ಹೆಸರು ನೋಡಿದ ಕೂಡಲೇ ಕಣ್ಣುಮುಚ್ಚಿ ತಲೆದೂಗಬಾರದು. ಹಾಡುತ್ತಿರುವುದು ಯಾರೆಂದು ಲೇಬಲ್ ಓದಿ ನೋಡಬೇಕು.

ಅಂತರ್ಜಾಲದಲ್ಲಿ ಸಂಗ್ರಾಹಕರು ಹಾಕಿರುವ ‘ಚಿಂತಾಮಣಿ’ಯ ಹಾಡುಗಳಲ್ಲಿ ಅಶ್ವತ್ಥಮ್ಮ ಇಂದಿಗೂ ಸಿಗುತ್ತಾರೆ. ಹುಡುಕುವವರಿಗೊಂದು ಕಿವಿಮಾತು: ಇಂಗ್ಲಿಷ್ ಬರಹಗಳಲ್ಲಿ ಹೆಸರು ‘ಅಶ್ವತ್ಥಾಮ’ ಎಂದಾಗಿದೆ, ದ್ರೋಣನ ಮಗ ಎದುರಾದರೆ ಗಾಬರಿ ಬೇಡ, ಚಿತ್ರದ ಹೆಸರನ್ನೂ ಸೇರಿಸಿ ಹುಡುಕಿ. ಮೊದಲ ಸಲ ಕೇಳಿದಾಗ ಮುಳ್ಳಿನ ಕರಕರವೇ ಮುಂದೆ ಬರುತ್ತದೆ. ಎರಡನೇ ಸಲ ಕಿವಿ ಅದನ್ನು ಬದಿಗೆ ಸರಿಸುತ್ತದೆ. ಮೂರನೇ ಸಲ ಗೊತ್ತಾಗುತ್ತದೆ, ಇದು ಮೈಕಿನ ಹಂಗಿನಲ್ಲಿ ಬೆಳೆದ ಕಂಠವಲ್ಲ ಎಂದು. ತಗಡಿನ ಥಿಯೇಟರಿನಲ್ಲಿ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಅಕ್ಷರ ಅಕ್ಷರ ಮುಟ್ಟಬೇಕೆಂದು ಪಳಗಿದ ಗಂಟಲು. ಶ್ರುತಿ ಮೇಲಕ್ಕೆ, ಬಾಯಿ ಅಗಲಕ್ಕೆ, ಮಾತು ಸ್ಪಷ್ಟ.

ಆ ಕಾಲದ ಹತ್ತಿಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು ಮೂರೇ ನಿಮಿಷ. ನಾಟಕದಲ್ಲಿ ಒನ್ಸ್ ಮೋರ್ ಬಿದ್ದರೆ ಅದೇ ಹಾಡು ಕಾಲು ಗಂಟೆ ಹಿಡಿಯುತ್ತಿತ್ತು. ಪೆಟ್ಟಿಗೆ ಮಾಸ್ತರು ಲೆಗ್ ಹಾರ್ಮೋನಿಯಂ ತುಳಿಯುತ್ತ ಕಣ್ಸನ್ನೆ ಮಾಡಿದರೆ ನಟಿ ಇನ್ನೆರಡು ಸಂಗತಿ ಸೇರಿಸುತ್ತಿದ್ದಳು. ಸ್ಟುಡಿಯೋದಲ್ಲಿ ಆ ಸಲಿಗೆ ಇಲ್ಲ. ಮೇಣದ ಮೇಲೆ ಗೆರೆ ಬೀಳುತ್ತಿದ್ದಂತೆ ಆಲಾಪನೆಯ ಗೋಜಿಲ್ಲದೆ ಪಲ್ಲವಿ ಎತ್ತಬೇಕು, ಉಸಿರು ಕದಿಯಬೇಕು, ಮೂರನೇ ನಿಮಿಷ ತುಂಬುವುದರೊಳಗೆ ಮನೆ ಮುಟ್ಟಬೇಕು. ಒಂದು ಕಡೆ ತಪ್ಪಿದರೆ ಮೇಣವೇ ದಂಡ. ಎಷ್ಟೋ ದೊಡ್ಡ ವಿದ್ವಾಂಸರು ಈ ಮೂರು ನಿಮಿಷದಲ್ಲಿ ಓಡುವ ರೈಲು ಹತ್ತಿದವರಂತೆ ಕೇಳಿಸುತ್ತಾರೆ. ಅಶ್ವತ್ಥಮ್ಮನವರಲ್ಲಿ ಆ ಅವಸರವಿಲ್ಲ. ರಾಗ ಇಷ್ಟು, ಭಾವ ಇಷ್ಟು, ಮಾತು ಇಷ್ಟು ಎಂಬ ಅಳತೆ ಕಂಪನಿ ನಾಟಕದ ದಿನಗಳಲ್ಲೇ ಅವರಿಗೆ ಸಿದ್ಧಿಸಿರಬೇಕು.

ಇಲ್ಲಿಗೆ ಬಳ್ಳಾರಿಯ ಒಂದು ಹಳೇ ವ್ಯಾಜ್ಯ ತೆಗೆಯದೆ ವಿಧಿಯಿಲ್ಲ. ನಾಟಕವೆಂದರೆ ಅಭಿನಯ, ಹಾಡು ಅದಕ್ಕೆ ಅಡ್ಡಿ ಎಂಬ ವಾದ ಈ ಊರಿಗೆ ಹೊಸದಲ್ಲ. ವಕೀಲರೂ ಮಹಾನಟರೂ ಆಗಿದ್ದ ಬಳ್ಳಾರಿ ರಾಘವ (1880–1946) ಅದರ ದೊಡ್ಡ ಪ್ರತಿಪಾದಕರು. ಪಾತ್ರ ಸಾಯುವ ಹೊತ್ತಿನಲ್ಲೂ ರಾಗ ಎಳೆಯುವ ನಟರನ್ನು ಕಂಡು ಅವರಿಗೆ ರೋಸಿಹೋಗಿತ್ತು. ಹಾಡು, ಪದ್ಯ ಕತ್ತರಿಸಿ ಮಾತಿಗೂ ಮುಖಭಾವಕ್ಕೂ ಜಾಗ ಮಾಡಿದರು. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕೆಂದು ಹಟ ಹಿಡಿದ ದೊಡ್ಡಮನಸ್ಸಿನವರೂ ಅವರೇ. ರಾಘವರ ಮೇಲೆ ಈ ಅಂಕಣಕ್ಕೆ ಮುನಿಸಿಲ್ಲ. ಮುನಿಸಿರುವುದು ಅವರ ಹೆಸರು ಹೇಳಿಕೊಂಡು ರಂಗಗೀತೆಯನ್ನು ಅಗ್ಗದ ಮಾಲು ಎಂದು ಜರಿಯುವ ಪಂಥದ ಮೇಲೆ. ರಾಘವರ ಸೋದರಮಾವ ಧರ್ಮವರಂ ಕೃಷ್ಣಮಾಚಾರ್ಯರೇ ಇದೇ ಬಳ್ಳಾರಿಯಲ್ಲಿ ಸರಸವಿನೋದಿನಿ ಸಭೆ ಕಟ್ಟಿ ಹಾಡು ತುಂಬಿದ ನಾಟಕ ಆಡಿಸಿದವರು ಎಂಬುದನ್ನು ಆ ಪಂಥ ಹೇಳುವುದಿಲ್ಲ. ಒಂದೇ ಮನೆಯ ಎರಡು ಮತ ಅದು. ಹಾಡು ಕೆಟ್ಟದ್ದಲ್ಲ, ಕೆಟ್ಟ ಹಾಡುಗಾರ ಕೆಟ್ಟವನು. ಅಶ್ವತ್ಥಮ್ಮನಂಥವರು ಹಾಡುವಾಗ ಹಾಡೇ ಅಭಿನಯ.

ಜನರ ತೀರ್ಪಂತೂ ಯಾವತ್ತೋ ಆಗಿದೆ. ಸಿರುಗುಪ್ಪದ ಕಡೆ ಭತ್ತದ ಸುಗ್ಗಿ ಮುಗಿದ ಮೇಲೆ ಊರ ಹುಡುಗರು ನಾಟಕ ಕಟ್ಟುವಾಗ ಮೊದಲು ಗೊತ್ತು ಮಾಡುವುದು ಪೆಟ್ಟಿಗೆ ಮಾಸ್ತರನ್ನು. ಆಮೇಲೆ ಸ್ತ್ರೀಪಾತ್ರದವರನ್ನು, ಅದೂ “ಹಾಡತಾರೇನು?” ಎಂದು ವಿಚಾರಿಸಿಯೇ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯ ಕಾಲದಲ್ಲಿ ನಾಟಕ ನೋಡಿ ಬಂದವರನ್ನು ಕೇಳಿ; ಕಥೆ ಹೇಗಿತ್ತು ಎನ್ನುವ ಮೊದಲು ಯಾರು ಹೇಗೆ ಹಾಡಿದರು ಎನ್ನುತ್ತಾರೆ. 2020ರಲ್ಲಿ ತೀರಿಕೊಂಡ ರಂಗನಟಿ ಸುಭದ್ರಮ್ಮ ಮನ್ಸೂರರನ್ನು ಬಳ್ಳಾರಿ ಸೀಮೆ ತಲೆಮೇಲೆ ಹೊತ್ತು ಮೆರೆಸಿದ್ದು ಸಂಭಾಷಣೆಗಲ್ಲ, ಕಂಠಕ್ಕೆ. ಎಂಬತ್ತು ದಾಟಿ ಬದುಕಿದ್ದರಿಂದ ಸುಭದ್ರಮ್ಮ ಧ್ವನಿಮುದ್ರಣ, ಪ್ರಶಸ್ತಿ, ಸನ್ಮಾನಗಳ ಕಾಲವನ್ನು ಕಂಡರು. ಅವರಿಗಿಂತ ಒಂದು ತಲೆಮಾರು ಹಿಂದಿನ ಅಶ್ವತ್ಥಮ್ಮನವರಿಗೆ ಆ ಕಾಲ ಸಿಗಲಿಲ್ಲ.

ಸಿಗದಂತೆ ಮಾಡಿದ್ದು ಕ್ಷಯ. ಇಂದಿನ ಓದುಗರಿಗೆ ಇದು ಅರ್ಧ ವರ್ಷ ಮಾತ್ರೆ ನುಂಗಿದರೆ ವಾಸಿಯಾಗುವ ಕಾಯಿಲೆ. 1939ರಲ್ಲಿ, ಮಂಗಳೂರಿನವರಾದ ಸುಂದರರಾವ್ ನಾಡಕರ್ಣಿ ನಿರ್ದೇಶಿಸಿದ ‘ಸಂತ ಸಕ್ಕುಬಾಯಿ’ಯಲ್ಲಿ ಅಶ್ವತ್ಥಮ್ಮ ನಟಿಸುತ್ತಿದ್ದ ಹೊತ್ತಿಗೆ ಅದಕ್ಕೆ ಮದ್ದೇ ಇರಲಿಲ್ಲ. ಒಣಹವೆ, ಹಾಲು, ಮೊಟ್ಟೆ, ಮಲಗುವುದು, ಮುಖ್ಯವಾಗಿ ಇದೇ ಚಿಕಿತ್ಸೆ. ಮದನಪಲ್ಲಿಯ ಬಳಿ ಆರೋಗ್ಯವರಂನಲ್ಲಿ 1915ರಿಂದ ಮಿಷನ್ನಿನವರ ದೊಡ್ಡ ಸ್ಯಾನಿಟೋರಿಯಂ ಇತ್ತು. ದಕ್ಷಿಣದ ಕ್ಷಯರೋಗಿಗಳು ದೂರದೂರದಿಂದ ಆ ಗುಡ್ಡದ ಗಾಳಿಗೆ ಬರುತ್ತಿದ್ದರು. ವೆಲ್ಲೆಸ್ಲಿ ಟಿ.ಬಿ. ಆಸ್ಪತ್ರೆಯ ಹೆಸರು ಕೇಳಿ ಬೆಳೆದ ಬಳ್ಳಾರಿಯ ಹಿರಿಯರಿಗೆ ಆ ಬಗೆಯ ವಾರ್ಡುಗಳ ಚಿತ್ರ ಬಿಡಿಸಿ ಹೇಳಬೇಕಿಲ್ಲ. ಉಸಿರೇ ಬಂಡವಾಳವಾದ ಗಾಯಕಿಗೆ ವೈದ್ಯರು ಕೊಡುತ್ತಿದ್ದ ಮೊದಲ ಆಜ್ಞೆ ಏನಿದ್ದೀತು? ಮಾತು ಕಮ್ಮಿ, ಹಾಡು ಬೇಡ.

ಸ್ಟ್ರೆಪ್ಟೊಮೈಸಿನ್ ಅಮೆರಿಕದ ಪ್ರಯೋಗಾಲಯದಲ್ಲಿ ಸಿಕ್ಕಿದ್ದು 1943ರ ಅಕ್ಟೋಬರಿನಲ್ಲಿ. ರೋಗಿಗಳ ಮೇಲೆ ಅದರ ಪ್ರಯೋಗ ಆರಂಭವಾದದ್ದು 1944ರಲ್ಲಿ, ಅಶ್ವತ್ಥಮ್ಮ ತೀರಿಕೊಂಡ ವರ್ಷದಲ್ಲೇ. ಬಿ.ಸಿ.ಜಿ. ಲಸಿಕೆ 1948ರಲ್ಲಿ ಭಾರತಕ್ಕೆ ಬಂದಾಗ ಮೊದಲು ಚುಚ್ಚಿಸಿಕೊಂಡ ಊರುಗಳಲ್ಲಿ ಮದನಪಲ್ಲಿಯೂ ಒಂದು. ಮದರಾಸಿನಲ್ಲಿ 1956ರಿಂದ ನಡೆದ ಅಧ್ಯಯನ, ರೋಗಿ ಮನೆಯಲ್ಲೇ ಇದ್ದು ಮದ್ದು ತೆಗೆದುಕೊಂಡರೂ ಸ್ಯಾನಿಟೋರಿಯಂನಷ್ಟೇ ಗುಣವಾಗುತ್ತದೆಂದು ತೋರಿಸಿಕೊಟ್ಟಿತು. ಹತ್ತು ವರ್ಷ ತಡವಾಗಿ ಕಾಯಿಲೆ ಬಂದಿದ್ದರೆ ಅಶ್ವತ್ಥಮ್ಮ ಬದುಕುತ್ತಿದ್ದರೇನೋ. ಕರ್ನಾಟಕ ಸಂಗೀತದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಜೊತೆಯಲ್ಲೇ ಹೆಸರು ಕೇಳಿಬರುತ್ತಿದ್ದ ಎನ್.ಸಿ. ವಸಂತಕೋಕಿಲಂ ಕೂಡ ಇದೇ ರೋಗಕ್ಕೆ 1951ರಲ್ಲಿ ಬಲಿಯಾದರು, ಮೂವತ್ತು ದಾಟಿದ್ದೇ ತಡ. ಕ್ಷಯದ ಮಾತು ಬಿಟ್ಟರೂ, ಚಿಕ್ಕ ಪ್ರಾಯದಲ್ಲೇ ಹೋದವರಲ್ಲಿ ತಮಿಳು ರಂಗದ ಗಾಯಕನಟ ಕಿಟ್ಟಪ್ಪ ಒಬ್ಬರು; 1933ರಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು. ಕಿಟ್ಟಪ್ಪನವರಿಗೆ ತಮಿಳರು ಇಂದಿಗೂ ಕಣ್ಣೀರಿಡುತ್ತಾರೆ, ಅವರ ಪ್ಲೇಟುಗಳನ್ನು ನಂಬರ್ ಸಮೇತ ಹೇಳುತ್ತಾರೆ. ನಾವು ಅಶ್ವತ್ಥಮ್ಮನವರ ಹೆಸರನ್ನು ತಮಿಳು ಪುಸ್ತಕಗಳಲ್ಲಿ ಹುಡುಕಬೇಕಾಗಿದೆ.

ಚಿತ್ರಗಳ ಗತಿ ಇನ್ನೂ ಕಷ್ಟ. ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ, ‘ಚಿಂತಾಮಣಿ’ಯನ್ನೂ ಚಿತ್ರೇತಿಹಾಸಕಾರರು ಕಳೆದುಹೋದವುಗಳ ಪಟ್ಟಿಗೇ ಸೇರಿಸಿದ್ದಾರೆ. ಹೀಗಿರುವಾಗ ಅರಗಿನ ಪ್ಲೇಟೇ ಗತಿ. ಸರಸ್ವತಿ ಸ್ಟೋರ್ಸ್ ದಕ್ಷಿಣದಲ್ಲಿ ಮಾರುತ್ತಿದ್ದ ಓಡಿಯನ್ ಪ್ಲೇಟು ಜರ್ಮನ್ ಕಂಪನಿಯದು. ಎರಡನೇ ಮಹಾಯುದ್ಧದೊಂದಿಗೆ ಆ ವ್ಯಾಪಾರ ಮುಗಿಯಿತು. ಯುದ್ಧಕಾಲದಲ್ಲಿ ಅರಗಿಗೆ ಬರ ಬಂದು ಹಳೇ ಪ್ಲೇಟುಗಳನ್ನು ಕರಗಿಸಿ ಹೊಸತು ಮಾಡಿದರು. ಉಳಿದವನ್ನು ಸುರೇಶ ಚಾಂದವಣಕರ್ ಅವರಂಥ ಸಂಗ್ರಾಹಕರು ಬ್ರಿಟಿಷ್ ಲೈಬ್ರರಿಯ ಯೋಜನೆಯಡಿ ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ಅಲ್ಲಿಯ ಒಂದು ಒಳ್ಳೆಯ ಗುಣವೆಂದರೆ ಕರಕರ ಸದ್ದನ್ನು ಹಾಗೇ ಬಿಟ್ಟಿರುವುದು. ಹಳೇ ಹಾಡಿಗೆ ಬಾವಿಯೊಳಗಿನ ಪ್ರತಿಧ್ವನಿ ತುಂಬಿ, ತಬಲಾ ಬಡಿದು ‘ಹೊಸ ರೂಪ’ ಎಂದು ಮಾರುವವರ ಬಗ್ಗೆ ಈ ಅಂಕಣ ಮೊದಲೇ ಸಾಕಷ್ಟು ಕೂಗಾಡಿದೆ; ಇವತ್ತು ಬೇಡ.

ಬಳ್ಳಾರಿ 1953ರ ತನಕ ಮದರಾಸ್ ಪ್ರಾಂತ್ಯದಲ್ಲಿತ್ತು. ಮದರಾಸಿನ ರೈಲು, ಮದರಾಸಿನ ಪತ್ರಿಕೆ, ಮದರಾಸಿನ ಪ್ಲೇಟು ಈ ಊರಿಗೆ ಸಲೀಸಾಗಿ ಬರುತ್ತಿದ್ದವು. ಕನ್ನಡ, ತೆಲುಗು, ತಮಿಳು ಪ್ಲೇಟುಗಳು ಒಂದೇ ಪೆಟ್ಟಿಗೆಯಲ್ಲಿದ್ದ ಮನೆಗಳು ಬ್ರೂಸ್‌ಪೇಟೆಯಲ್ಲಿ, ಕೌಲ್ ಬಜಾರಿನಲ್ಲಿ ಇರಲಾರವೇ? ಸಿರುಗುಪ್ಪದ ಹಳೇ ಅಕ್ಕಿ ಗಿರಣಿಯವರ, ಕುರುಗೋಡಿನ ಗೌಡರ ಮನೆಗಳ ಅಟ್ಟಗಳನ್ನು ಒಮ್ಮೆ ಇಳಿಸಿ ನೋಡಬೇಕು. ‘ಸದಾರಮೆ’ ಅಥವಾ ‘ಚಿಂತಾಮಣಿ’ ಎಂದು ಲೇಬಲ್ ಇರುವ ಪ್ಲೇಟು ಸಿಕ್ಕರೆ ಗುಜರಿಗೆ ಹಾಕಬೇಡಿ, ಪತ್ರಿಕೆಗೆ ಒಂದು ಕಾಗದ ಹಾಕಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ. ಧೂಳನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಿ. ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ. ಅರಗು ಅದರಲ್ಲಿ ಕರಗುತ್ತದೆ.